ಸರ್ವಮಂಗಳಮ್ಮನವರ ಮಿಕ್ಸಿ ಪ್ರಕರಣ

ಕಳ್ಳತನದ ದೂರು ಕೊಡುವವರು ಸಾಮಾನ್ಯವಾಗಿ ಬರಿಗೈಲಿ ಬರುತ್ತಾರೆ. ಕಳುವಾದ ವಸ್ತುವನ್ನೇ ಎದೆಗವಚಿಕೊಂಡು ಬಂದು ಮೇಜಿನ ಮೇಲಿಟ್ಟು, ಇದು ಕಳುವಾಗಿದೆ ಸ್ವಾಮಿ ಎಂದವನನ್ನು ಪಿಎಸ್‌ಐ ಬೆಟ್ಟಸ್ವಾಮಿ ತಮ್ಮ ಹನ್ನೊಂದು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ.

2001ನೇ ಇಸವಿ ಮಾರ್ಚ್ 14, ಬುಧವಾರ, ಮಧ್ಯಾಹ್ನ 12.10. ಕೊಬ್ಬರಿ ಹರಾಜಿನ ದಿನ. ತಿಪಟೂರಿನ ರಸ್ತೆಗಳಲ್ಲಿ ಮೂಟೆ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಠಾಣೆಯಲ್ಲಿ ಅರ್ಧ ಜನ ಬಂದೋಬಸ್ತಿಗೆ ಹೋಗಿದ್ದರು. ಉಳಿದವರು ಬೆಟ್ಟಸ್ವಾಮಿ, ರೈಟರ್, ಮತ್ತು ನಿವೃತ್ತಿಗೆ ಒಂದೂವರೆ ವರ್ಷ ಬಾಕಿಯಿದ್ದ ಮುಖ್ಯ ಪೇದೆ ಲಕ್ಕಯ್ಯ. ಲಕ್ಕಯ್ಯ ದಬ್ಬೇಘಟ್ಟದ ಕಡೆಯವನು, ಮಾತು ಕಮ್ಮಿ, ಮೂಗು ಚುರುಕು.

ಮೇಜಿನ ಮೇಲೆ ಕೂತದ್ದು ಒಂದು ಮಿಕ್ಸಿ. ಈಗಿನ ಪ್ಲಾಸ್ಟಿಕ್ಕಿನದಲ್ಲ. ಕೆನೆಬಣ್ಣದ ಎನಾಮಲ್ ಮೈ, ಮೇಲೆ ದಪ್ಪ ಗಾಜಿನ ಜಾರು, ಮುಂದೆ ಇಂಗ್ಲೆಂಡಿನಲ್ಲಿ ತಯಾರಾದದ್ದೆಂದು ಹೇಳುವ ಹಿತ್ತಾಳೆ ಪಟ್ಟಿ. ನಲವತ್ತಮೂರು ವರ್ಷದ ಯಂತ್ರ. ಒಂದು ಗೀರಿಲ್ಲ, ಒಂದು ತುಕ್ಕಿಲ್ಲ. ರೈಟರ್ ಬರೆಯುವುದು ಬಿಟ್ಟು ಎದ್ದು ಬಂದು ನೋಡಿದ.

"ಏನು ಹೋಯ್ತು?" ಬೆಟ್ಟಸ್ವಾಮಿ ಕೇಳಿದರು.

"ಇದು ಸಾರ್."

"ಇಲ್ಲೇ ಐತಲ್ರೀ."

"ಒಳಗಡೇದು ಹೋಗೈತೆ ಸಾರ್. ಎತ್ತಿ ನೋಡಿ."

ಬೆಟ್ಟಸ್ವಾಮಿ ಎತ್ತಿದರು. ಖಾಲಿ ಡಬ್ಬದಷ್ಟು ಹಗುರ.

ದೂರುದಾರ ಹಾಲಸ್ವಾಮಿ, ಮೂಲ ಚಿಕ್ಕನಾಯಕನಹಳ್ಳಿ, ಬೆಂಗಳೂರಿನಲ್ಲಿ ಹಳೇ ಸಾಮಾನಿನ ಅಂಗಡಿ. ಆತ ಹೇಳಿದ್ದು ಇಷ್ಟು: ತಿಪಟೂರಿನ ಕೊಬ್ಬರಿ ಮಂಡಿ ಮನೆತನದ ಸರ್ವಮಂಗಳಮ್ಮನವರು ಜನವರಿಯಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಮೈದುನನ ಕಡೆಯವರು ಮಾರ್ಚ್ 11ರ ಭಾನುವಾರ ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿಟ್ಟು ಹರಾಜು ಹಾಕಿದರು. ಮಂಚ, ಬೀರು, ಕಡಾಯಿಗಳ ನಡುವೆ ಈ ಮಿಕ್ಸಿ ಹಾಲಸ್ವಾಮಿಯ ಕಣ್ಣಿಗೆ ಬಿತ್ತು. ಜೊತೆಗಿದ್ದ ಬೆಂಗಳೂರಿನ ಗಿರಾಕಿಯ ಎದುರಿಗೇ ಕಾಯಿ ರುಬ್ಬಿಸಿ ನೋಡಿದ. ಗುಂಯ್ ಎಂದು ಓಡಿತು. ಹರಾಜಿನಲ್ಲಿ ಕೊಂಡು, ಬುಧವಾರ ವ್ಯಾನು ತರುತ್ತೇನೆಂದು ಅದೇ ಮನೆಯ ಅಡಿಗೆಮನೆಯಲ್ಲಿಟ್ಟು ಹೋದ. ಈ ದಿನ ಬಂದು ಸ್ವಿಚ್ಚು ಹಾಕಿದರೆ ಉಸಿರಿಲ್ಲ.

ಲಕ್ಕಯ್ಯ ಮಿಕ್ಸಿಯನ್ನು ಬೋರಲು ಹಾಕಿ ತಳದ ನಾಲ್ಕು ಸ್ಕ್ರೂ ಬಿಚ್ಚಲು ಕೂತ. ಬಿಚ್ಚುವ ಹೊತ್ತಿಗೆ ಅಂಗೈ ಕೆಂಪಾಯಿತು, ಅಷ್ಟು ಬಿಗಿ. ಒಳಗೆ ತಂತಿ ಸುತ್ತಿದ ಆರ್ಮೇಚರ್ ಇಲ್ಲ, ಅದು ತಿರುಗುವ ಬುಷ್ ಇಲ್ಲ, ಬ್ಲೇಡಿಗೆ ಜೋಡಿಸುವ ಕಪ್ಲಿಂಗ್ ಇಲ್ಲ. ಜಾರಿನೊಳಗಿನ ಬ್ಲೇಡೂ ಇಲ್ಲ. ಧೂಳು ಸಹ ಇರಲಿಲ್ಲ, ಯಾರೋ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದರು.

"ಯಾರ ಮೇಲಾದ್ರೂ ಅನುಮಾನ?"

ಹಾಲಸ್ವಾಮಿ ಅರೆಗಳಿಗೆ ತಡೆದು, ಇಲ್ಲ ಎಂದ. ಆ ಅರೆಗಳಿಗೆಯನ್ನು ಲಕ್ಕಯ್ಯ ಗಮನಿಸಿದ. ಮೊಕದ್ದಮೆ ಸಂಖ್ಯೆ 47/2001, ಐಪಿಸಿ ಕಲಂ 380ರ ಅಡಿ ದಾಖಲಾಯಿತು. ಎಫ್‌ಐಆರ್ ಸಂಜೆಯೊಳಗೆ ಕೋರ್ಟಿಗೆ ಹೋಯಿತು.

ಮಧ್ಯಾಹ್ನ 2.30ಕ್ಕೆ ಸ್ಥಳ ಪಂಚನಾಮೆ. ಮನೆಯ ಬೀಗದಕೈ ಇದ್ದದ್ದು ತಿಮ್ಮಕ್ಕನ ಹತ್ತಿರ. ಮೂವತ್ತಾರು ವರ್ಷ ಆ ಮನೆಯಲ್ಲಿ ಅಡಿಗೆ ಮಾಡಿದ ಹೆಂಗಸು. ಮನೆ ಖಾಲಿಯಾಗುವ ತನಕ ಕಾವಲಿರು ಎಂದು ಮೈದುನನ ಕಡೆಯವರು ಹೇಳಿ ಹೋಗಿದ್ದರು. ಬಾಗಿಲು ಮುರಿದಿಲ್ಲ, ಕಿಟಕಿ ಸರಳು ಬಗ್ಗಿಲ್ಲ. ತಿಮ್ಮಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಪೊಲೀಸರಿಗೆ ಕೂರಿ ಎಂದೂ ಹೇಳದೆ ನಿಂತಿದ್ದಳು.

"ಕಳ್ಳ ಯಾರಾದ್ರೂ ಬಂದಿದ್ನಾ?"

"ಇಲ್ಲ."

"ನೀನು ಮನೆ ಬಿಟ್ಟು ಎಲ್ಲಾದ್ರೂ ಹೋಗಿದ್ದಾ?"

"ನಾನ್ಯಾಕೆ ಹೋಗ್ಲಿ? ಇಲ್ಲೇ ಇದ್ದೆ."

ಅಡಿಗೆಮನೆಯ ಕಟ್ಟೆಯ ಮೂಲೆಯಲ್ಲಿ ಒಂದು ತೆಂಗಿನ ಚಿಪ್ಪು ಕಂಡಿತು. ಪಂಚರಲ್ಲಿ ಒಬ್ಬರಾದ ಹುಚ್ಚರಂಗಯ್ಯ, ಇದನ್ನೂ ಬರೀಬೇಕಾ, ನಮ್ಮೂರಲ್ಲಿ ಚಿಪ್ಪಿಲ್ಲದ ಮನೆ ಯಾವುದೈತೆ ಎಂದು ನಕ್ಕರು. ಮಾತು ಸರಿಯೇ. ಆದರೆ ಲಕ್ಕಯ್ಯ ಚಿಪ್ಪನ್ನು ಮೂಗಿನ ಹತ್ತಿರ ಹಿಡಿದ. ಸೀಮೆಎಣ್ಣೆ. ತಳದಲ್ಲಿ ಕಪ್ಪು ಗ್ರೀಸಿನ ಗಸಿ. ಯಾರೋ ಕೂತು ನಿಧಾನವಾಗಿ ಯಂತ್ರದ ಭಾಗಗಳನ್ನು ತೊಳೆದಿದ್ದರು. ಪಂಚನಾಮೆಯಲ್ಲಿ ಚಿಪ್ಪೂ ಸೇರಿತು.

ಠಾಣೆಗೆ ಮರಳಿದ ಮೇಲೆ ಲಕ್ಕಯ್ಯ ಬಿಚ್ಚಿದ ನಾಲ್ಕು ಸ್ಕ್ರೂಗಳನ್ನು ಬಿಳಿ ಕಾಗದದ ಮೇಲೆ ಹರವಿದ. ಒಂದೊಂದರ ತಲೆಯ ಕೆಳಗೂ ಕಂದು ಬಣ್ಣದ ಏನೋ ಸುತ್ತಿಕೊಂಡಿತ್ತು. ಕೊಳೆ ಅಂದುಕೊಂಡಿದ್ದ. ಗುಂಡುಸೂಜಿಯಿಂದ ಎಳೆದರೆ ಸುರುಳಿ ಬಿಚ್ಚಿಕೊಂಡಿತು. ತೆಂಗಿನ ನಾರಿನ ಎಳೆ, ಕೊಬ್ಬರಿ ಎಣ್ಣೆಯಲ್ಲಿ ನೆನೆಸಿದ್ದು.

"ಸಾರ್, ಕಳ್ಳ ಆಗಿದ್ರೆ ಬಿಚ್ಕೊಂಡು ಓಡೋಗೋನು," ಎಂದ ಲಕ್ಕಯ್ಯ. "ಇವನು ಖಾಲಿ ಡಬ್ಬಕ್ಕೆ ಒರೆಸಿ, ನಾರು ಸುತ್ತಿ, ಬಿಗಿದು ಹೋಗವ್ನೆ. ಬಿಚ್ಚಿದ್ದನ್ನ ಹಂಗೇ ಬುಟ್ಟು ಹೋಗೋಕೆ ಇವನ ಕೈಲಿ ಆಗಿಲ್ಲ."

ಬೆಟ್ಟಸ್ವಾಮಿಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಕಳ್ಳನೆಂದರೆ ಗುಜರಿಯವನು, ಕುಡುಕ, ಕೆಲಸವಿಲ್ಲದವನು ಎಂದುಕೊಂಡು ಹುಡುಕುವುದು ಸುಲಭ. ಮಾಡಿದ ಕೆಲಸ ಅಚ್ಚುಕಟ್ಟಾಗಿರಲೇಬೇಕು ಎನ್ನುವ ಕಳ್ಳನನ್ನು ಹುಡುಕುವುದು ಹೇಗೆ?

ಲಕ್ಕಯ್ಯನಿಗೆ ಅದಕ್ಕೊಂದು ಉಪಾಯ ಹೊಳೆದಿತ್ತು. ಮಾರ್ಚ್ 15, ಗುರುವಾರ, ಬೆಳಿಗ್ಗೆ 9.30ಕ್ಕೆ ಮಫ್ತಿಯಲ್ಲಿ ತನ್ನ ಮನೆಯ ಕೆಟ್ಟ ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ಹೊರಟ. ಹೆಂಡತಿ ಆರು ತಿಂಗಳಿಂದ ಬಡಕೊಳ್ಳುತ್ತಿದ್ದ ಕೆಲಸ, ಸರ್ಕಾರಿ ಖರ್ಚಿಲ್ಲದೆ ಆಗಿಹೋಗಲಿ ಎಂಬ ಆಸೆಯೂ ಇತ್ತೆಂದು ಆಮೇಲೆ ಅವನೇ ಒಪ್ಪಿಕೊಂಡ. ತಿಪಟೂರಿನ ಸುತ್ತ ಬೋರ್‌ವೆಲ್ ಹೆಚ್ಚು, ಸುಟ್ಟ ಮೋಟರು ಹೆಚ್ಚು, ಅದಕ್ಕೇ ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿಯೂ ಹೆಚ್ಚು. ಒಂದೊಂದು ಅಂಗಡಿಯಲ್ಲೂ ಬಿಚ್ಚಿಸಿ, ಏನಾಗಿದೆ ಎಂದು ಕೇಳಿ, ಆಮೇಲೆ ಮಾಡಿಸ್ತೀನಿ, ಮುಚ್ಚಿಕೊಡಪ್ಪ ಎನ್ನುತ್ತಿದ್ದ. ಮೊದಲ ಅಂಗಡಿಯವನು ನಾಲ್ಕರಲ್ಲಿ ಮೂರೇ ಸ್ಕ್ರೂ ಹಾಕಿಕೊಟ್ಟ. ಎರಡನೆಯವನು ಹಾಕಿದ ಸ್ಕ್ರೂ ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಸಡಿಲವಾಯಿತು. ನಾಲ್ಕನೆಯವನು ಸ್ಪ್ರಿಂಗ್ ವಾಷರ್ ಹಾಕಿದ, ಕೆಲಸಗಾರನೇ, ಆದರೆ ನಾರಿಲ್ಲ.

ಆರನೆಯದು ಅಕ್ಬರ್ ಪಾಷಾನ ಅಂಗಡಿ. ಐವತ್ತೆಂಟರ ಮನುಷ್ಯ, ದಪ್ಪ ಕನ್ನಡಕ. ಹಲಗೆಯ ಮೇಲೆ ಚಿಪ್ಪುಗಳು ಸಾಲಾಗಿದ್ದವು, ಒಂದೊಂದರಲ್ಲಿ ಒಂದೊಂದು ಯಂತ್ರದ ಸ್ಕ್ರೂಗಳು. ಪಾಷಾ ಲಕ್ಕಯ್ಯನ ಮಿಕ್ಸಿಯನ್ನು ಅಲ್ಲಾಡಿಸಿ, ಕಿವಿಗಿಟ್ಟು, ಬಿಚ್ಚಿ, ಕಡ್ಡಿಯಷ್ಟು ಸವೆದಿದ್ದ ಇಂಗಾಲದ ತುಂಡು ಬದಲಿಸಿ ಓಡಿಸಿಯೇಬಿಟ್ಟ. ಮುಚ್ಚುವ ಹೊತ್ತಿಗೆ, ಮಾತಾಡುತ್ತ ಮಾತಾಡುತ್ತಲೇ, ಪಕ್ಕದ ಡಬ್ಬಿಯಿಂದ ಎಣ್ಣೆಯಲ್ಲಿ ನೆನೆದ ನಾರಿನ ಎಳೆಯೊಂದನ್ನು ತೆಗೆದು ಸ್ಕ್ರೂವಿನ ಕುತ್ತಿಗೆಗೆ ಸುತ್ತಿ ಬಿಗಿದ.

"ಇದ್ಯಾಕೆ?" ಎಂದ ಲಕ್ಕಯ್ಯ.

"ಅದುರಿದ್ರೂ ಸಡಿಲ ಆಗಲ್ಲ. ತುಕ್ಕೂ ಹಿಡಿಯಲ್ಲ. ಹತ್ತು ವರ್ಷ ಬುಟ್ಟು ಬಿಚ್ಚಿ ನೋಡಿ ಬೇಕಾದ್ರೆ."

ಲಕ್ಕಯ್ಯನಿಗೆ ಸಂತೋಷವಾಗಲಿಲ್ಲ. ಮಿಕ್ಸಿ ಹೊತ್ತುಕೊಂಡು ಠಾಣೆಗೆ ಬಂದು, ಸಿಕ್ಕಿದ ಸಾರ್, ಸಿಗದೇ ಇದ್ದಿದ್ರೆ ಚೆನ್ನಾಗಿತ್ತು ಎಂದು ಸಾಹೇಬರ ಎದುರು ನೇರವಾಗಿ ಹೇಳಿದ.

ಮಾರ್ಚ್ 16, ಶುಕ್ರವಾರ, ಮಧ್ಯಾಹ್ನ 3.15. ಪಾಷಾ ನಮಾಜು ಮುಗಿಸಿ ಅಂಗಡಿ ತೆರೆದಿದ್ದ. ಬೆಟ್ಟಸ್ವಾಮಿ ಸಮವಸ್ತ್ರದಲ್ಲಿ, ಪಂಚರೊಡನೆ ಹೋದರು. ಪಾಷಾ ಲಕ್ಕಯ್ಯನ ಮುಖ ನೋಡಿದ, ಅವನ ಖಾಕಿ ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡ.

"ನಿಮ್ಮ ಮಿಕ್ಸಿ ಓಡ್ತಾ ಐತಾ?" ಎಂದು ಮೊದಲು ಅದನ್ನೇ ಕೇಳಿದ.

"ಓಡ್ತೈತೆ," ಎಂದ ಲಕ್ಕಯ್ಯ ನೆಲ ನೋಡುತ್ತ.

"ಸರ್ವಮಂಗಳಮ್ಮನವರ ಮಿಕ್ಸಿ ಸಾಮಾನು ಎಲ್ಲಿ?" ಬೆಟ್ಟಸ್ವಾಮಿ ಕೇಳಿದರು.

"ಇಲ್ಲೇ ಐತೆ. ಬಚ್ಚಿಟ್ಟಿಲ್ಲ."

ಮೇಲಿನ ಹಲಗೆಯಿಂದ ಒಂದು ತಗಡಿನ ಡಬ್ಬಿ ಇಳಿಸಿದ. ಒಳಗೆ ಬಿಳಿ ಬಟ್ಟೆ, ಬಟ್ಟೆಯೊಳಗೆ ಆರ್ಮೇಚರ್, ಎರಡು ಹಿತ್ತಾಳೆ ಬುಷ್, ಕಪ್ಲಿಂಗ್, ಬ್ಲೇಡು.

"ನಾರು ಯಾಕೆ ಸುತ್ತಿದೆ? ಗುರುತು ಸಿಗಲಿ ಅಂತಲೋ?"

"ಅಯ್ಯೋ ಇಲ್ಲ ಸಾರ್. ಕೆರೆಗೆ ಎಸೆದು ಸುಮ್ನಿರೋಣ ಅಂತಿದ್ದೆ. ಎಸೆಯೋಕೆ ಮನಸ್ಸು ಬರಲಿಲ್ಲ. ನಾರು ಕೈ ತಾನೇ ಹಾಕ್ಬುಡ್ತು."

ಇನ್ನು ಆತ ಠಾಣೆಯಲ್ಲಿ ಹೇಳಿದ್ದು. 1969ರಲ್ಲಿ ಆ ಮಿಕ್ಸಿ ಸುಟ್ಟುಹೋಯಿತು. ಅದರ ಬಿಡಿಭಾಗ ಈ ದೇಶದಲ್ಲೇ ಸಿಗುವುದಿಲ್ಲ, ಎಸೆಯಿರಿ ಎಂದು ಬೆಂಗಳೂರಿನ ರಿಪೇರಿಯವರು ಸರ್ವಮಂಗಳಮ್ಮನವರಿಗೆ ಹೇಳಿ ಕಳಿಸಿದರು. ಪಾಷಾಗೆ ಆಗ ಇಪ್ಪತ್ತಾರು. ನಾನು ನೋಡ್ಲಾ ಅಮ್ಮಾ ಎಂದ. ಆಕೆ ನೋಡು ಎಂದು, ತೂತು ಬಿದ್ದ ಒಂದು ಹಿತ್ತಾಳೆ ಬಿಂದಿಗೆಯನ್ನೂ ಕೊಟ್ಟರು. ಆ ಬಿಂದಿಗೆ ಕರಗಿಸಿ ಬುಷ್ ಎರಕ ಹೊಯ್ದು, ಅರದಲ್ಲಿ ಉಜ್ಜಿ, ಹದಿನೇಳು ದಿನ ಕೂತು ಆರ್ಮೇಚರಿಗೆ ತಂತಿ ಸುತ್ತಿದ. 77ರಲ್ಲಿ ಕಪ್ಲಿಂಗ್, 84ರಲ್ಲಿ ಹಳೇ ಗರಗಸದ ಉಕ್ಕಿನಿಂದ ಬ್ಲೇಡು, 93ರಲ್ಲಿ ಮತ್ತೆ ತಂತಿ. ಆರ್ಮೇಚರಿನ ಕಂಬಿಯನ್ನೂ ಅವನೇ ಕಡೆದದ್ದು. ಹಾಗಾಗಿ ಆ ಡಬ್ಬದೊಳಗೆ ಇಂಗ್ಲೆಂಡಿನ ಒಂದು ಚೂರೂ ಉಳಿದಿರಲಿಲ್ಲ. ಮನೆಗೆ ಬಂದ ನೆಂಟರಿಗೆಲ್ಲ ಸರ್ವಮಂಗಳಮ್ಮನವರು, ಮೈ ಇಂಗ್ಲೆಂಡಿನದು, ಓಡೋದು ನಮ್ಮ ಪಾಷಾದು ಎಂದು ಹೇಳಿಯೇ ಕಾಫಿ ಕೊಡುತ್ತಿದ್ದರಂತೆ. ಹಾಗೆ ಹೇಳುತ್ತಿದ್ದುದು ಅವರೊಬ್ಬರೇ. ಅವರು ಜನವರಿಯಲ್ಲಿ ಹೋದರು.

ಹರಾಜಿನ ದಿನ ಮಿಕ್ಸಿ ಓಡಿಸಿ ತೋರಿಸಲು ಪಾಷಾನನ್ನೇ ಕರೆಸಿದ್ದರು. ಓಡಿಸಿದ. ಆಗ ಹಾಲಸ್ವಾಮಿ ತನ್ನ ಗಿರಾಕಿಗೆ, ನೋಡಿ ಸಾರ್, ನಲವತ್ತಮೂರು ವರ್ಷದಿಂದ ಯಾರ ಕೈಯೂ ತಾಕಿಲ್ಲ, ಕಾರ್ಖಾನೆಯಿಂದ ಬಂದ ಹಾಗೇ ಇದೆ ಎಂದ. ಪಾಷಾ ಪಕ್ಕದಲ್ಲೇ ನಿಂತಿದ್ದ. ಗಿರಾಕಿ ಅತ್ತ ಸರಿದ ಮೇಲೆ, ಹಾಗಲ್ಲ ಸ್ವಾಮಿ, ಒಳಗಿನದೆಲ್ಲ ನಾನು ಮಾಡಿದ್ದು, ಒಂದು ಚೀಟಿಯಲ್ಲಿ ಹೆಸರು ಬರೆದು ಅಂಟಿಸಿ ಎಂದ. ಹಾಲಸ್ವಾಮಿ ಅವನನ್ನು ಪಕ್ಕಕ್ಕೆ ಕರೆದೊಯ್ದು ಹೇಳಿದ ಮಾತನ್ನು ಪಾಷಾ ಠಾಣೆಯಲ್ಲಿ ಹಾಗೇ ಒಪ್ಪಿಸಿದ:

"ನೀನು ಮುಟ್ಟಿದ್ದೀಯ ಅಂತ ಗೊತ್ತಾದ್ರೆ ಅದು ಗುಜರಿ ಕಣಯ್ಯ, ಬಾಯ್ಮುಚ್ಕೊಂಡು ಹೋಗು, ಅಂದ. ಹೊಟ್ಟೆ ಉರೀತು ಸಾರ್. ನನ್ನ ಕೈ ಬಿದ್ರೆ ಗುಜರಿ ಅಂತೆ. ಸರಿ, ಹಂಗಾದ್ರೆ ನನ್ನ ಕೈದು ನಾನು ತಗೊತೀನಿ, ಯಾರೂ ಮುಟ್ಟದೇ ಇರೋದನ್ನ ನೀನು ಮಾರ್ಕೋ ಅಂದ್ಕೊಂಡೆ. ಮಂಗಳವಾರ ಮೂರು ಗಂಟೆಗೆ ಹೋಗಿ ಬಿಚ್ಕೊಂಡು ಬಂದೆ."

ಅಷ್ಟು ಹೊತ್ತಿಗೆ ತಿಮ್ಮಕ್ಕ ಠಾಣೆಯ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಪಾಷಾನ ಹೆಂಡತಿ ನಸೀಮ್ ಬಾನು. ಸುದ್ದಿ ಅಷ್ಟು ಬೇಗ ಹಬ್ಬಿತ್ತು. ಯಾರೂ ಬಂದಿರಲಿಲ್ಲ ಅಂದೆಯಲ್ಲಮ್ಮ ಎಂದು ಬೆಟ್ಟಸ್ವಾಮಿ ಗದರಿದರು.

"ಕಳ್ಳ ಬಂದಿದ್ನಾ ಅಂತ ಕೇಳಿದ್ರಿ, ಇಲ್ಲ ಅಂದೆ," ಎಂದಳು ತಿಮ್ಮಕ್ಕ. "ಪಾಷಾ ಬಂದಿದ್ನಾ ಅಂತ ಕೇಳಿದ್ರಾ? ಕೇಳಿದ್ದಿದ್ರೆ ಹೇಳ್ತಿದ್ದೆ. ನಾನೇ ಬಾಗಿಲು ತೆಗೆದೆ. ಕಾಫೀನೂ ಕೊಟ್ಟೆ. ಬರ್ಕೊಳ್ಳಿ."

ಆಕೆಗೆ ತಿಳಿಯದು, ಮಿಕ್ಸಿ ನೋಡಬೇಕು ಅಂತ ಹೇಳಿ ಒಳಗೆ ಹೋದೆ ಎಂದು ಪಾಷಾ ನಡುವೆ ಬಾಯಿ ಹಾಕಿದ. ಬೆಟ್ಟಸ್ವಾಮಿ ಆಕೆಯನ್ನು ಸಾಕ್ಷಿಯೆಂದೇ ಬರೆದುಕೊಂಡರು.

ಸಂಜೆ 5.20ಕ್ಕೆ ಹಾಲಸ್ವಾಮಿ ಬಂದ. ಮಾಲು ಗುರುತಿಸಲು ಕರೆಸಿದ್ದರು. ಡಬ್ಬಿಯಲ್ಲಿದ್ದದ್ದನ್ನು ನೋಡುತ್ತಲೇ, ನಂದೇ ಸಾರ್, ನಂದೇ ಎಂದ. ಆಮೇಲೆ ಬೆಟ್ಟಸ್ವಾಮಿ ಜಪ್ತಿ ಪಂಚನಾಮೆಗೆ ಹೇಳಿ ಬರೆಸಲು ತೊಡಗಿದರು: ಹಿತ್ತಾಳೆಯ ಬುಷ್ ಎರಡು, ಅರದ ಗುರುತುಳ್ಳದ್ದು, ಅಡಿಯಲ್ಲಿ 69 ಎಂದು ಕೊರೆದಿರುವುದು, ಆರೋಪಿ ಅಕ್ಬರ್ ಪಾಷಾ ಕೈಯಿಂದ ತಯಾರಿಸಿದ್ದು.

ಹಾಲಸ್ವಾಮಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅದೆಲ್ಲ ಯಾಕೆ ಬರೀತೀರಾ ಸಾರ್?"

"ಇಂಗ್ಲೆಂಡಿನಲ್ಲಿ ಮಾಡಿದ್ದು ಅಂತ ಬರೀಲಾ? ನೀವೇ ಮುಟ್ಟಿ ನೋಡಿ ಹೇಳಿ."

ಹಾಲಸ್ವಾಮಿ ಮುಟ್ಟಲಿಲ್ಲ. ಗಿರಾಕಿ ಬೆಂಗಳೂರಿನಲ್ಲಿ ಕಾಯುತ್ತಿದ್ದ. ಅವನಿಗೆ ಓಡುವ ಮಿಕ್ಸಿ ಬೇಕು, ಅದನ್ನು ಯಾರೂ ಮುಟ್ಟಿರಲೂಬಾರದು. ಹಾಲಸ್ವಾಮಿ ಪಾಷಾನ ಪಕ್ಕದ ಬೆಂಚಿನಲ್ಲಿ ಕೂತು, ದನಿ ಇಳಿಸಿ, ಅಣ್ಣಾ ಎಂದು ಶುರುಮಾಡಿದ. ಒರೆಸೋಕೆ ನಾನೇ ಕೊಟ್ಟಿದ್ದೆ, ಮರೆತು ದೂರು ಕೊಟ್ಟೆ ಅಂತ ಹೇಳಿಬಿಡ್ತೀನಿ. ನೀನು ಎಲ್ಲ ವಾಪಸು ಜೋಡಿಸಿಬಿಡು. ಯಾರು ಮಾಡಿದ್ದು ಅನ್ನೋ ಮಾತು ಮಾತ್ರ ಬೇಡ. ರಾತ್ರಿ ಊಟಕ್ಕೆ ಮನೇಲಿರ್ತೀಯ.

ಬೆಟ್ಟಸ್ವಾಮಿಗೆ ಕೇಳಿಸಿತು, ಕೇಳಿಸದವರ ಹಾಗೆ ಕಿಟಕಿ ಕಡೆ ತಿರುಗಿದರು. ಒಪ್ಕೊಳ್ಳಪ್ಪ ಎಂದು ಲಕ್ಕಯ್ಯ ಮನಸ್ಸಿನಲ್ಲೇ ಬೇಡಿಕೊಂಡ. ಐವತ್ತೆಂಟು ವರ್ಷದ ಮರ್ಯಾದಸ್ಥನೊಬ್ಬ ಕಳ್ಳನೆಂದು ಬರೆಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು.

ಪಾಷಾ ಎದ್ದು ನಿಂತ.

"ಒರೆಸೋಕೆ ಕೊಟ್ಟಿದ್ದಲ್ಲ ಸಾರ್. ಕದ್ದೆ. ಬರ್ಕೊಳ್ಳಿ. ಏನು ಕದ್ದೆ, ಅದನ್ನ ಮಾಡಿದೋನು ಯಾರು, ಅದನ್ನೂ ಬರ್ಕೊಳ್ಳಿ. ಒಂದು ಬರೆದು ಒಂದು ಬುಟ್ರೆ ನಾನು ಸಹಿ ಹಾಕಲ್ಲ."

ಎಲ್ಲರೂ ನಸೀಮ್ ಬಾನುವಿನ ಕಡೆ ನೋಡಿದರು, ಅವಳಾದರೂ ಅತ್ತು ತಡೆದಾಳು ಎಂದು. ಅವಳ ಕಣ್ಣು ತುಂಬಿತ್ತು ನಿಜ.

"ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು ಸಾರ್, ನಮ್ಮ ಮನೇಲಿ ಮಿಕ್ಸಿ ಇಲ್ಲ, ಒರಳಲ್ಲೇ ರುಬ್ತೀನಿ," ಎಂದಳು. "ಆ ಮಿಕ್ಸಿಗೆ ಮಾತ್ರ ಈ ಮನುಷ್ಯ ನಿದ್ದೆಗೆಟ್ಟವರೆ. ಹೆಸರು ದೊಡ್ಡದಾಗಿ ಬರೀರಿ."

ಹಾಲಸ್ವಾಮಿಗೆ ಎರಡೇ ದಾರಿ ಉಳಿದವು. ಇವು ನನ್ನವಲ್ಲ ಎಂದರೆ ಖಾಲಿ ಡಬ್ಬ ಹೊತ್ತುಕೊಂಡು ಹೋಗಬೇಕು. ನನ್ನವು ಎಂದರೆ ಬರೆದದ್ದನ್ನು ಒಪ್ಪಬೇಕು. ಕಾಲು ಗಂಟೆ ಹಣೆ ಉಜ್ಜಿಕೊಂಡು ಕೊನೆಗೆ, ನನ್ನವೇ ಎಂದು ಸಹಿ ಹಾಕಿದ.

ಭಾಗಗಳು ಇದೇ ಯಂತ್ರದವು ಎಂದು ಪಂಚರ ಸಮಕ್ಷಮ ತೋರಿಸಬೇಕಾಗಿತ್ತು. ಬೆಟ್ಟಸ್ವಾಮಿ ಸ್ಕ್ರೂಡ್ರೈವರನ್ನು ಪಾಷಾನ ಕೈಗೇ ಕೊಟ್ಟರು. ಠಾಣೆಯ ಮೇಜಿನ ಮೇಲೆ ಮೂವತ್ತೈದು ನಿಮಿಷ ಕೆಲಸ ನಡೆಯಿತು. ಲಾಕಪ್ಪಿನಲ್ಲಿದ್ದ ಜೇಬುಗಳ್ಳನೂ ಸರಳು ಹಿಡಿದು ನೋಡುತ್ತಿದ್ದ. ಕೊನೆಗೆ ಪಾಷಾ ಕೈ ಚಾಚಿದಾಗ, ಲಕ್ಕಯ್ಯ ಕಾಗದದಲ್ಲಿ ಮಡಿಸಿಟ್ಟಿದ್ದ ನಾಲ್ಕು ನಾರಿನ ಎಳೆಗಳನ್ನು ಸಾಹೇಬರ ಕಡೆ ಒಮ್ಮೆ ನೋಡಿ ಮುಂದೆ ಹಿಡಿದ. ಸಾಹೇಬರು ತಲೆಯಾಡಿಸಿ, ಅದನ್ನೂ ಪಂಚನಾಮೆಗೆ ಸೇರಿಸಿಕೊಳ್ಳಲು ರೈಟರಿಗೆ ಹೇಳಿದರು. ಸ್ವಿಚ್ಚು ಹಾಕಿದರು. ಗುಂಯ್ ಎಂದು ಓಡಿತು.

"ಯಂತ್ರವು ಸುಸ್ಥಿತಿಯಲ್ಲಿ ಚಾಲನೆಗೊಂಡಿತು," ಎಂದು ಬರೆದ ರೈಟರ್, ಹೇಳಿಸಿಕೊಳ್ಳದೆಯೇ. ಸಂಜೆ 6.50ಕ್ಕೆ ಆರೋಪಿಯ ದಸ್ತಗಿರಿ. ಉದ್ಯೋಗ ಎಂಬಲ್ಲಿ ಕೂಲಿ ಎಂದು ಬರೆಯಲು ಹೊರಟವನನ್ನು ಪಾಷಾ ತಡೆದು, ಮೆಕ್ಯಾನಿಕ್ ಎಂದು ಬರೆಸಿದ.

ಮಾರ್ಚ್ 17, ಶನಿವಾರ, ಬೆಳಿಗ್ಗೆ 11.40ಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ಜಾಮೀನಿಗೆ ನಿಂತವರು ಮೂವರು, ಮೂವರೂ ಬೇರೆ ವೈಂಡಿಂಗ್ ಅಂಗಡಿಗಳವರು. ಅವರಲ್ಲಿ ಲಕ್ಕಯ್ಯನಿಗೆ ಮೂರೇ ಸ್ಕ್ರೂ ಹಾಕಿಕೊಟ್ಟವನೂ ಇದ್ದ. ಮಿಕ್ಸಿಯನ್ನು ತನ್ನ ವಶಕ್ಕೆ ಕೊಡಬೇಕೆಂದು ಹಾಲಸ್ವಾಮಿ ಅರ್ಜಿ ಹಾಕಿದ. ಕೊಟ್ಟರು. ಆದರೆ ಕೇಸು ಮುಗಿಯುವ ತನಕ ಮಾರುವಂತಿಲ್ಲ, ಪಂಚನಾಮೆಯ ನಕಲು ಯಂತ್ರದ ಜೊತೆಗೇ ಇರಬೇಕು ಎಂಬ ಷರತ್ತಿನ ಮೇಲೆ. ಆ ನಕಲಿನಲ್ಲಿ ಅಕ್ಬರ್ ಪಾಷಾ ಎಂಬ ಹೆಸರು ಐದು ಸಲ ಇತ್ತು.

ತಪ್ಪು ಒಪ್ಪುತ್ತೀಯಾ ಎಂದು ಕೇಳುವ ಘಟ್ಟ ಬರಲು ಮತ್ತೆ ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಗಿರಾಕಿ ಬೇರೆ ಏನನ್ನೋ ಕೊಂಡಾಗಿತ್ತು. ವಕೀಲರು ಇಲ್ಲ ಅನ್ನು ಎಂದು ಹಿಂದಿನಿಂದ ಪಿಸುಗುಟ್ಟುತ್ತಿದ್ದರು. ಪಾಷಾ ಕಟಕಟೆಯಲ್ಲಿ ಕನ್ನಡಕ ಸರಿಮಾಡಿಕೊಂಡ.

"ತೆಗೆದದ್ದು ನಾನೇ ಸ್ವಾಮಿ. ಮಾಡಿದ್ದೂ ನಾನೇ. ಎರಡೂ ಬರ್ಕೊಳ್ಳಿ."

ಮ್ಯಾಜಿಸ್ಟ್ರೇಟರು ಒಮ್ಮೆ ತಲೆಯೆತ್ತಿ ನೋಡಿ, ಟೈಪಿಸ್ಟರ ಕಡೆ ತಿರುಗಿ, ಎರಡನ್ನೂ ಹೇಳಿ ಬರೆಸಿದರು.